ಹಗಲಾದರೆ ಹುಲಿಮರಿ ಮಗಳ ಮಾತು ಕೇಳುವುದಿಲ್ಲ, ಯಾಕೆ?

ಬದಿಯಡ್ಕದ ಅಪ್ಪ:
ನನ್ನ ಮಗಳಿಗೆ ಏಳು ವರ್ಷ. ಬೆಕ್ಕೆಂದರೆ ಪ್ರಾಣ. ಉಬ್ಬಸ ಇರುವ ಮಗು, ಮನೆಯಲ್ಲಿ ಬೆಕ್ಕು ಬೇಡ ಎಂದರು ಡಾಕ್ಟರು. ಇದ್ದ ಮರಿಯನ್ನು ತಂಗಿಯ ಮನೆಗೆ ಬಿಟ್ಟು ಬಂದೆವು. ಎರಡು ದಿನ ಇವಳು ಸರಿಯಾಗಿ ಉಣ್ಣಲಿಲ್ಲ. ವಿಷಯ ತಿಳಿದು ದುಬೈಯ ಬಾವ ಊರಿಗೆ ಬರುವಾಗ ಅವರ ಮಕ್ಕಳು ಆಡಿ ಬಿಟ್ಟ ಎಕ್ಸ್‌ಬಾಕ್ಸ್ 360 ಎಂಬ ಟಿವಿ ಗೇಮ್ ಪೆಟ್ಟಿಗೆ, ಆಡುವವರ ಮೈಯ ಚಲನೆಯನ್ನು ಗುರುತಿಸುವ ಅದರ ಕ್ಯಾಮೆರಾ ಕಿನೆಕ್ಟ್, ಹುಲಿಮರಿಯ ಜೊತೆ ಆಡುವ ‘ಕಿನೆಕ್ಟಿಮಲ್ಸ್’ ಗೇಮಿನ ಡಿಸ್ಕ್ ಎಲ್ಲ ತಂದುಕೊಟ್ಟರು.

ಕೈಯಲ್ಲಿ ಏನನ್ನೂ ಹಿಡಿಯಬೇಕೆಂದಿಲ್ಲ. ಇವಳು ಹಾರಿದರೆ ಟಿವಿಯೊಳಗಿನ ಹುಲಿಮರಿಯೂ ಹಾರುತ್ತದೆ, ಗಿರಕಿ ಹೊಡೆದರೆ ಅದೂ ಹೊಡೆಯುತ್ತದೆ. ಬರೀ ಗಾಳಿಯಲ್ಲಿ ಕೈಯಾಡಿಸಿ ಅದರ ಮೈ ಸವರುತ್ತಾಳೆ, ಎಷ್ಟು ಮೆಲ್ಲಗೆ ಅಂದರೆ ನೋಡುವಾಗ ನನಗೇ ಗಂಟಲು ಕಟ್ಟುತ್ತದೆ.

ರಾತ್ರಿ ಏನೂ ತೊಂದರೆ ಇಲ್ಲ. ರಜೆಯ ದಿನ ಮಧ್ಯಾಹ್ನ ಚಾವಡಿಯಲ್ಲಿ ನಿಂತರೆ ಮಾತ್ರ ಮರಿ ಇವಳನ್ನು ಗುರುತಿಸುವುದೇ ಇಲ್ಲ. ‘ಬೆಕ್ಕನ್ನು ಬಿಟ್ಟು ಬಂದದ್ದಕ್ಕೆ ಇದಕ್ಕೂ ನನ್ನ ಮೇಲೆ ಸಿಟ್ಟಾ ಅಪ್ಪ?’ ಅಂತ ಕೇಳುತ್ತಾಳೆ. ಗೊತ್ತಿದ್ದವರು ಹೇಳಿ.

ಕುಂಬಳೆ ರಿಪೇರಿ:
ಅಣ್ಣಾ, ಹಂಚಿನ ಮನೆಯಾ? ಚಾವಡಿಯ ಮೇಲೆ ಗಾಜಿನ ಹಂಚು ಉಂಟಾ ನೋಡಿ. ಕಿನೆಕ್ಟ್ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಚುಕ್ಕಿಗಳನ್ನು ಎದುರಿಗೆ ಚೆಲ್ಲಿ, ಅವುಗಳ ಮೂಲಕ ಆಳು ಎಷ್ಟು ದೂರ ಇದ್ದಾರೆಂದು ಅಳೆಯುವುದು. ಬಿಸಿಲಿನಲ್ಲೂ ಅದೇ ಬೆಳಕು ಇರುವುದರಿಂದ ಚುಕ್ಕಿಗಳು ಅದರಲ್ಲಿ ಕಳೆದುಹೋಗುತ್ತವೆ. ಟ್ಯೂಬ್‌ಲೈಟಿನಿಂದ ಹಾಗೆ ಆಗುವುದಿಲ್ಲ. ಮಗು ಆರು ಅಡಿ ಹಿಂದೆ ನಿಲ್ಲಲಿ, ಇಬ್ಬರು ಆಡುವುದಾದರೆ ಎಂಟು ಅಡಿ. ಉದ್ದ ಲಂಗ ಹಾಕಿದ್ದರೆ ಕಾಲು ಎಲ್ಲಿದೆ ಎಂದು ಅದಕ್ಕೆ ತಿಳಿಯುವುದು ಕಷ್ಟ. ಜೋಪಾನವಾಗಿ ಇಟ್ಟುಕೊಳ್ಳಿ, 2010ರಲ್ಲಿ ಬಂದ ಸಾಮಾನು ಅದು, ಕಿನೆಕ್ಟ್ ತಯಾರಿ 2017ರಲ್ಲೇ ನಿಂತಿದೆ.

ನೀರ್ಚಾಲಿನ ಅಕ್ಕ:
ನಮ್ಮಲ್ಲಿ ಪ್ಲೇಸ್ಟೇಷನ್ 3 ಎಂಬ ಗೇಮ್ ಪೆಟ್ಟಿಗೆಯ ‘ಐಪೆಟ್’ ಇತ್ತು, ಅದೂ ಟಿವಿಯಲ್ಲಿ ಪ್ರಾಣಿ ಸಾಕುವ ಆಟ, 2009ರದ್ದು. ಅದಕ್ಕೆ ಇದ್ದದ್ದು ಮಾಮೂಲಿ ಕ್ಯಾಮೆರಾ, ಹಾಗಾಗಿ ನಿಮ್ಮದಕ್ಕೆ ತದ್ವಿರುದ್ಧ, ಬೆಳಕು ಕಮ್ಮಿಯಾದರೆ ಕಷ್ಟ. ಮಗ ಕಾಗದದಲ್ಲಿ ಕಾರು ಬರೆದು ತೋರಿಸಿದರೆ ಆ ಪ್ರಾಣಿ ತಾನೂ ಬರೆಯುತ್ತಿತ್ತು. ತಮ್ಮಾ, ಸಿಟ್ಟಿನ ಮಾತು ಅವಳ ಮನಸ್ಸಿನಲ್ಲಿ ಉಳಿಯಲು ಬಿಡಬೇಡ. ಬಿಸಿಲಿನಿಂದ ಹೀಗಾಗುತ್ತದೆ ಎಂದು ಅವಳಿಗೇ ತೋರಿಸಿಕೊಡು. ವಾರಕ್ಕೊಮ್ಮೆ ತಂಗಿಯ ಮನೆಯ ಮರಿಯನ್ನು ವೀಡಿಯೊ ಕಾಲ್‌ನಲ್ಲಿ ನೋಡಲಿ.

ಬದಿಯಡ್ಕದ ಅಪ್ಪ:
ಗಾಜಿನ ಹಂಚೇ! ಎರಡು ಉಂಟು. ಮೂರು ಗಂಟೆಗೆ ಬಿಸಿಲಿನ ಕೋಲು ಸರಿಯಾಗಿ ಅವಳು ನಿಲ್ಲುವಲ್ಲಿಗೇ ಬೀಳುತ್ತದೆ, ಇಷ್ಟು ದಿನ ನನಗೆ ಹೊಳೆಯಲಿಲ್ಲ. ಪಕಾಸಿಗೆ ಗೋಣಿ ಕಟ್ಟಿದೆ, ಲಂಗದ ಬದಲು ಚಡ್ಡಿ ಹಾಕಿಸಿದೆ. ಮರಿ ಓಡಿ ಬಂತು. ಅಕ್ಕ ಹೇಳಿದ ಹಾಗೆ ಗೋಣಿ ಸರಿಸಿ, ಮತ್ತೆ ಮುಚ್ಚಿ ಅವಳಿಗೆ ತೋರಿಸಿದೆ. ‘ಹಾಗಾದರೆ ಸಿಟ್ಟಲ್ಲ’ ಎಂದಳು. ಗೋಣಿಯ ಸಂದಿನಿಂದ ಇನ್ನೂ ಸ್ವಲ್ಪ ಬಿಸಿಲು ಇಳಿಯುತ್ತದೆ. ಅದು ಎಲ್ಲಿಯವರೆಗೆ ಬರುತ್ತದೆಂದು ಕಾವಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಾಳೆ, ಈಗ ಅದರ ಈಚೆ ನಿಂತು ಆಡುತ್ತಿದ್ದಾಳೆ.