ಪದಚರ್ಚೆ: ಶಾರ್ಡ್ ಅಂದರೆ ಚೂರೋ, ಪಾಲೋ, ಸೊಳೆಯೋ?

ಮಂಗಳೂರಿನಿಂದ

ನಮಸ್ಕಾರ. ಹಲವು ಯಂತ್ರಗಳ ಮೇಲೆ ಹಂಚಿಕೊಂಡು ಓಡುವ ಸರ್ಚ್ ಎಂಜಿನ್ನಿನ ಕೋಡ್ ನೋಡಿಕೊಳ್ಳುವವರಿಗಾಗಿ ಕನ್ನಡದಲ್ಲಿ ಕೈಪಿಡಿಯೊಂದು ತಯಾರಾಗುತ್ತಿದೆ. ತಳದಲ್ಲಿ ಇಂಡೆಕ್ಸ್ ಕಟ್ಟಿ ಹುಡುಕುವ ಲೂಸೀನ್ ಎಂಬ ತಂತ್ರಾಂಶ, ಅದರ ಮೇಲೆ ಆ ಕೆಲಸವನ್ನು ಹಲವು ಯಂತ್ರಗಳಿಗೆ ಹಂಚುವ ಎಲಾಸ್ಟಿಕ್‌ಸರ್ಚ್, ಈ ಜೋಡಿಯೇ ಮಾದರಿ. ಸರ್ವರ್, ಡಿಸ್ಕ್, ಕ್ಲಸ್ಟರ್ (ಒಟ್ಟಾಗಿ ದುಡಿಯುವ ಯಂತ್ರಗಳ ಗುಂಪು), ಇಂಡೆಕ್ಸ್ (ಹುಡುಕಲು ಜೋಡಿಸಿಟ್ಟ ದಾಖಲೆಗಳ ಸಂಗ್ರಹ), ಬಗ್ ಇವುಗಳ ತಂಟೆಗೆ ಹೋಗುವುದಿಲ್ಲ. ‘ಬಗ್’ ಇರುವಲ್ಲಿ ‘ದೋಷ’ ಅಂತ ಬರೆದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ನಾಗನ ಕಲ್ಲು. ತಕರಾರು ಇರುವುದು ಒಳಗಿನ ಕೆಲವು ಪದಗಳದ್ದು. ನಡುರಾತ್ರಿ ದತ್ತಾಂಶದ ಒಂದು ಭಾಗ ಸಿಗದೆ ಕ್ಲಸ್ಟರಿನ ಸ್ಥಿತಿ ಕೆಂಪಾದಾಗ ಕೈಪಿಡಿ ತೆರೆಯುವ ಹೊಸಬರಿಗೆ ಪದವೇ ಅರ್ಧ ದಾರಿ ತೋರಿಸಬೇಕು. ತಪ್ಪು ಪದವಾದರೆ ಅದೂ ದಾರಿ ತೋರಿಸುತ್ತದೆ, ಬೇರೆ ಕಡೆಗೆ.

ಮೊದಲನೆಯದು ಶಾರ್ಡ್, ಅಂದರೆ ಯಂತ್ರಗಳಿಗೆ ಹಂಚಲಿಕ್ಕಾಗಿ ಇಂಡೆಕ್ಸನ್ನು ಭಾಗ ಮಾಡಿದಾಗ ಸಿಗುವ ಒಂದೊಂದು ಭಾಗ. ನಿಘಂಟು ಹೇಳುವುದು ‘ಚೂರು’. ಮಡಕೆ ಒಡೆದಾಗ ಬೀಳುವುದು ಚೂರು. ಅದರಲ್ಲಿ ನೀರು ನಿಲ್ಲುವುದಿಲ್ಲ. ಇಲ್ಲಿಯ ಶಾರ್ಡ್ ಹಾಗಲ್ಲ. ಒಂದೊಂದೂ ತನ್ನಷ್ಟಕ್ಕೆ ಪೂರ್ತಿ ಲೂಸೀನ್ ಇಂಡೆಕ್ಸ್, ಒಂಟಿಯಾಗಿ ಕೇಳಿದರೂ ಉತ್ತರ ಕೊಡುತ್ತದೆ. ಲಾಗಿನಲ್ಲಿ ‘ಚೂರು 3 ಒಡೆದಿದೆ’ ಎಂದು ಬಂದರೆ ಓದುವವರು ಏನೆಂದುಕೊಳ್ಳಬೇಕು?

‘ಪಾಲು’ ನನಗೆ ಒಪ್ಪಿಗೆ, ಅದಕ್ಕೆ ಗಟ್ಟಿ ಕಾರಣವೂ ಉಂಟು. ದಾಖಲೆಯ ಐಡಿಯಿಂದ, ಅಂದರೆ ಅದರ ಗುರುತಿನ ಹೆಸರಿನಿಂದ, ಲೆಕ್ಕ ಹಾಕಿ ಒಂದು ಹ್ಯಾಶ್ ಸಂಖ್ಯೆ ಹುಟ್ಟುತ್ತದೆ. ಅದನ್ನು ಶಾರ್ಡುಗಳ ಸಂಖ್ಯೆಯಿಂದ ಭಾಗಿಸಿ ಉಳಿದ ಶೇಷವೇ ದಾಖಲೆಯ ಮನೆ. ಸುಲಭಕ್ಕೆ ಹ್ಯಾಶ್ 17 ಅಂತ ಇಟ್ಟುಕೊಳ್ಳಿ. ಶಾರ್ಡ್ 5 ಇದ್ದರೆ ಶೇಷ 2, 6 ಇದ್ದರೆ ಶೇಷ 5. ಯಾರಾದರೂ ಕೋಡಿನಲ್ಲಿ ಈ ಭಾಜಕವನ್ನು ಅಲುಗಾಡಿಸಿದರೆ ಹಳೆಯ ದಾಖಲೆ 2ರಲ್ಲೇ ಕೂತಿರುತ್ತದೆ, ಕೇಳುವವರು 5ರ ಬಾಗಿಲು ತಟ್ಟುತ್ತಾರೆ. ಎರರ್ ಬರುವುದಿಲ್ಲ, ‘ಇಲ್ಲ’ ಎಂಬ ಸಭ್ಯ ಉತ್ತರ ಬರುತ್ತದೆ. ಲಕ್ಷಣ ಇಷ್ಟೇ: ಐಡಿ ಕೊಟ್ಟು ಕೇಳಿದರೆ ದಾಖಲೆ ಇಲ್ಲ, ಪದ ಕೊಟ್ಟು ಹುಡುಕಿದರೆ ಉಂಟು, ಯಾಕೆಂದರೆ ಹುಡುಕಾಟ ಎಲ್ಲ ಶಾರ್ಡುಗಳಿಗೂ ಹೋಗುತ್ತದೆ. ಅದೇ ಐಡಿಯ ದಾಖಲೆಯನ್ನು ಮತ್ತೆ ಬರೆದರೆ ಒಂದೇ ಐಡಿಗೆ ಎರಡು ದೇಹ. ಐಡಿಯ ಬದಲು ಯಾವ ಶಾರ್ಡ್ ಎಂದು ಗೊತ್ತುಮಾಡುವ ಸ್ವಂತ ರೂಟಿಂಗ್ ಪದವನ್ನು ಕೊಟ್ಟು ಬರೆದು, ಓದುವಾಗ ಅದನ್ನು ಕೊಡಲು ಮರೆತರೂ ಐಡಿ ಸಿಗದ ಲಕ್ಷಣವೇ ಕಾಣುತ್ತದೆ. ಆದ್ದರಿಂದ ಮೊದಲು ಅದನ್ನು ನೋಡಿ, ಆಮೇಲೆ ಕೋಡಿಗೆ ಕೈಹಾಕಿ.

ಪಾಲುಪಟ್ಟಿ ಆದ ಮೇಲೆ ಇನ್ನೊಬ್ಬ ಹಕ್ಕುದಾರ ಬಂದರೆ ಮೊದಲಿನಿಂದ ಅಳೆಯಬೇಕಲ್ಲ, ಇಲ್ಲಿಯೂ ಹಾಗೇ. 5 ಇದ್ದದ್ದನ್ನು ಬರಹ ನಿಲ್ಲಿಸಿ 10ಕ್ಕೆ ಸೀಳಬಹುದು, 7ಕ್ಕೆ ಆಗುವುದಿಲ್ಲ; 7 ಬೇಕಾದರೆ ಹೊಸ ಇಂಡೆಕ್ಸಿಗೆ ಎಲ್ಲವನ್ನೂ ಮರುಬರೆಯಬೇಕು. ‘ಪಾಲು’ ಎಂಬ ಪದ ಈ ಬಿಗಿಯನ್ನು ಹೇಳಿಬಿಡುತ್ತದೆ. ತೊಡಕು ಒಂದೇ: ಕನ್ನಡದಲ್ಲಿ ಪಾಲಾಗುವುದು ಹೆಚ್ಚಾಗಿ ಬೆಂಕಿಗೆ, ನೀರಿಗೆ.

ಮೂರನೆಯ ಸಲಹೆ ‘ಸೊಳೆ’. ಹಲಸಿನ ಒಂದೊಂದು ಸೊಳೆಗೂ ಅದರದ್ದೇ ಬೀಜ. ಒಂದನ್ನು ಬಿಡಿಸಿ ಬೇರೆ ತಟ್ಟೆಗೆ ಹಾಕಿದರೆ ಉಳಿದವಕ್ಕೆ ಏನೂ ಆಗುವುದಿಲ್ಲ. ಶಾರ್ಡನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸ್ಥಳಾಂತರಿಸುವುದೂ ಹೀಗೇ. ಆದರೆ ಘಟ್ಟದ ಮೇಲಿನವರಿಗೆ ಅದು ‘ತೊಳೆ’. ಒಪ್ಪಿಯಾರೇ?

ಎರಡನೆಯದು ಪ್ರೈಮರಿ ಮತ್ತು ರೆಪ್ಲಿಕಾ, ಅಂದರೆ ಒಂದೇ ಶಾರ್ಡಿನ, ಬರಹ ಮೊದಲು ಸೇರುವ ಪ್ರತಿ ಮತ್ತು ಬೇರೆ ಯಂತ್ರದಲ್ಲಿ ಇಟ್ಟ ಹೆಚ್ಚುವರಿ ಪ್ರತಿ. ಕರಡಿನಲ್ಲಿ ‘ಮೂಲ’ ಮತ್ತು ‘ನಕಲು’ ಎಂದಿದೆ. ಎರಡೂ ಬೇಡ ಎನ್ನುತ್ತೇನೆ. ನಕಲು ಅಂದರೆ ಖೋಟಾ ಎಂಬ ವಾಸನೆ. ಇಲ್ಲಿಯ ರೆಪ್ಲಿಕಾ ಹುಡುಕಾಟಕ್ಕೆ ಸಮಾನ ಹೊಣೆಯಿಂದ ಉತ್ತರಿಸುತ್ತದೆ. ‘ಮೂಲ’ ಇನ್ನೂ ಅಪಾಯ. ಪ್ರೈಮರಿ ಇದ್ದ ಯಂತ್ರ ಬಿದ್ದರೆ ಒಂದು ರೆಪ್ಲಿಕಾ ಕೂಡಲೇ ಪ್ರೈಮರಿ ಆಗುತ್ತದೆ. ಬಿದ್ದ ಯಂತ್ರ ಮರಳಿದಾಗ ಅದರಲ್ಲಿರುವುದು ಹಳಸಿದ ಪ್ರತಿ. ‘ಮೂಲ’ವೇ ಸರಿ ಎಂದುಕೊಂಡು ಹೊಸಬರು ಹಳಸಿದ್ದನ್ನು ಬಲವಂತವಾಗಿ ಮೇಲೆ ಕೂರಿಸಿದರೆ ನಡುವೆ ಬರೆದದ್ದೆಲ್ಲ ಹೋಯಿತು. ಆ ಆಜ್ಞೆಯೇನೋ ‘ದತ್ತಾಂಶ ಕಳೆದುಕೊಳ್ಳಲು ಒಪ್ಪಿಗೆ’ ಎಂದು ಬರೆಸಿಕೊಂಡೇ ನಡೆಯುತ್ತದೆ, ಆದರೆ ಗಾಬರಿಯಲ್ಲಿ ಎಲ್ಲರೂ ಒಪ್ಪುತ್ತಾರೆ. ಪ್ರೈಮರಿ ಎಂಬುದು ಹುದ್ದೆ, ಹುಟ್ಟಲ್ಲ. ‘ಮುಖ್ಯ ಪ್ರತಿ’, ‘ಜೊತೆ ಪ್ರತಿ’ ಆದೀತೇ?

ಈ ಹುದ್ದೆ ಬದಲಾವಣೆಗೆ ‘ಪರ್ಯಾಯ’ ಎಂಬ ಸಲಹೆಯೂ ಬಂದಿದೆ, ಎಲ್ಲಿಂದ ಬಂತು ಅಂತ ಹೇಳಬೇಕಾಗಿಲ್ಲ. ಉಡುಪಿಯವರು ಕ್ಷಮಿಸಬೇಕು, ಕೃಷ್ಣಮಠದ ಪೂಜೆಯ ಹೊಣೆ ಕೈಬದಲಾಗುವ ಪರ್ಯಾಯಕ್ಕೆ ಎರಡು ವರ್ಷ ಮೊದಲೇ ತಾರೀಕು ಗೊತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ.

ಮೂರನೆಯದು ಮರ್ಜ್. ಲೂಸೀನ್ ಇಂಡೆಕ್ಸನ್ನು ಸೆಗ್ಮೆಂಟುಗಳೆಂಬ ಸಣ್ಣ ತುಂಡುಗಳಾಗಿ ಬರೆಯುತ್ತದೆ, ಬರೆದ ಮೇಲೆ ತಿದ್ದುವುದಿಲ್ಲ. ದಾಖಲೆ ಅಳಿಸಿದರೆ ‘ಅಳಿದಿದೆ’ ಎಂಬ ಗುರುತು ಮಾತ್ರ. ತಿದ್ದಿದರೆ ಹಳತಕ್ಕೆ ಗುರುತು, ಹೊಸ ಸೆಗ್ಮೆಂಟಿನಲ್ಲಿ ಹೊಸ ದಾಖಲೆ. ಆಮೇಲೆ ಸಣ್ಣ ಸೆಗ್ಮೆಂಟುಗಳನ್ನು ಸೇರಿಸಿ ದೊಡ್ಡದೊಂದನ್ನು ಬರೆಯುವಾಗ ಅಳಿದವು ನಿಜವಾಗಿ ಬಿಟ್ಟುಹೋಗುತ್ತವೆ, ಹಳೆಯ ಫೈಲುಗಳು ಮಾಯವಾಗುತ್ತವೆ. ಇದಕ್ಕೆ ‘ವಿಲೀನ’ ಚೆನ್ನಾಗಿ ಒಪ್ಪುತ್ತದೆ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್, 2020ರ ಏಪ್ರಿಲ್ 1ರಂದು ಕಾರ್ಪೊರೇಶನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಹೋದ ಮೇಲೆ ನಮ್ಮ ಎರಡು ಜಿಲ್ಲೆಗಳಲ್ಲಿ ವಿಲೀನ ಅಂದರೆ ಬೋರ್ಡು ಇಳಿಯುವುದು ಎಂದು ಮಕ್ಕಳಿಗೂ ಗೊತ್ತು. ಹಾಗಾದರೆ ಕೋಡಿನ ಎರಡು ಕವಲುಗಳನ್ನು ಸೇರಿಸುವ ಮರ್ಜ್? ಅಲ್ಲಿ ಕವಲಿನ ಇತಿಹಾಸ ಉಳಿಯುತ್ತದೆ, ಯಾವುದೂ ಅಳಿಯುವುದಿಲ್ಲ. ಅದಕ್ಕೆ ‘ಕೂಡಿಸು’ ಸಾಕು. ಒಂದೇ ಕೈಪಿಡಿಯಲ್ಲಿ ಎರಡಕ್ಕೂ ವಿಲೀನ ಎಂದು ಬರೆದರೆ ಕೆಟ್ಟೆವು.

ಕೊನೆಗೆ ರಿಫ್ರೆಶ್ ಮತ್ತು ಫ್ಲಶ್, ಅಂದರೆ ಹೊಸ ಬರಹವನ್ನು ಹುಡುಕಾಟಕ್ಕೆ ಕಾಣಿಸುವುದು ಮತ್ತು ಡಿಸ್ಕಿಗೆ ಗಟ್ಟಿ ಮಾಡುವುದು. ಕರಡಿನಲ್ಲಿ ಒಂದು ಕಡೆ ‘ನವೀಕರಿಸು’, ಇನ್ನೊಂದು ಕಡೆ ‘ಉಳಿಸು’. ಇದರಿಂದ ಆಗುವ ಎಡವಟ್ಟು ಹೀಗೆ: ‘ಉಳಿಸಿಲ್ಲ’ ಅಂದರೆ ಕರೆಂಟು ಹೋದರೆ ದಾಖಲೆ ಹೋಗುತ್ತದೆ ಎಂದು ಓದುಗರು ತಿಳಿಯುತ್ತಾರೆ. ಹಾಗಿಲ್ಲ. ಬರಹ ಬಂದ ಕೂಡಲೇ ಅದು ಬಂದದ್ದನ್ನೆಲ್ಲ ಸಾಲಾಗಿ ಬರೆದಿಡುವ ಟ್ರಾನ್ಸ್‌ಲಾಗಿಗೆ ಸೇರಿ, ಆ ಲಾಗ್ ಡಿಸ್ಕಿಗೆ ಗಟ್ಟಿಯಾಗಿ ಇಳಿದ ಮೇಲೆಯೇ ‘ಆಯಿತು’ ಎಂಬ ಉತ್ತರ ಹೋಗುವುದು. ಆದರೆ ಹುಡುಕಿದರೆ ಸಿಗಲಿಕ್ಕೆ ರಿಫ್ರೆಶ್ ಆಗಬೇಕು, ಸಾಮಾನ್ಯ ಅವಧಿ 1 ಸೆಕೆಂಡ್. ಅಂದರೆ ದಾಖಲೆ ಭದ್ರವಾಗಿಯೂ ಇರುತ್ತದೆ, ಕಾಣದೆಯೂ ಇರುತ್ತದೆ. ಈ ಸ್ಥಿತಿಗೆ ಕನ್ನಡ ಬೇಕು.

ನನ್ನ ಸಲಹೆ ಹಳೆಯ ಅಂಗಡಿಯ ಲೆಕ್ಕದಿಂದ: ಕಿರ್ದಿ ಮತ್ತು ಖತಾವಣಿ. ಬಂದ ವ್ಯವಹಾರವನ್ನು ಬಂದ ಕ್ರಮದಲ್ಲೇ ಬರೆಯುವ ಪುಸ್ತಕ ಕಿರ್ದಿ, ಅದು ಟ್ರಾನ್ಸ್‌ಲಾಗ್. ಒಂದೊಂದು ಖಾತೆಯ ಹೆಸರಿನ ಕೆಳಗೆ ಆಯಾ ನಮೂದುಗಳನ್ನು ಎತ್ತಿ ಬರೆಯುವುದು ಖತಾವಣಿ, ಅದು ಇನ್ವರ್ಟೆಡ್ ಇಂಡೆಕ್ಸ್. ‘ಮೀನು’ ಎಂಬ ಪದದ ಕೆಳಗೆ ಅದು ಬರುವ ದಾಖಲೆಗಳ ಸಂಖ್ಯೆಗಳು. ಇಂಗ್ಲಿಷಿನಲ್ಲಿಯೂ ಈ ಪಟ್ಟಿಗೆ ಪೋಸ್ಟಿಂಗ್ಸ್ ಎಂದೇ ಹೆಸರು, ಲೆಕ್ಕದವರ ಪೋಸ್ಟಿಂಗೂ ಅದೇ. ಯಂತ್ರ ಕುಸಿದು ಎದ್ದರೆ ಕಿರ್ದಿ ನೋಡಿಕೊಂಡು ಖತಾವಣಿ ಮತ್ತೆ ಕಟ್ಟುತ್ತದೆ. ಫ್ಲಶ್ ಅಂದರೆ ‘ಖತಾವಣಿಗೆ ಏರಿಸು’ ಎನ್ನಬಹುದೇ?

ಉಡುಪಿಯಿಂದ

ಪರ್ಯಾಯದ ಸಲಹೆ ನಮ್ಮೂರಿನದ್ದೇ ಮಾರಾಯ್ರೆ, ವಾಪಸ್ ತೆಗೆದುಕೊಂಡೆವು.

ಸೊಳೆ ಬೇಡ. ಘಟ್ಟದ ಮೇಲಿನವರ ಕಾರಣಕ್ಕಲ್ಲ. ಕಿತ್ತಳೆಯದ್ದೂ ತೊಳೆಯೇ, ಇಂಗ್ಲಿಷಿನಲ್ಲಿ ಅದಕ್ಕೆ ಸೆಗ್ಮೆಂಟ್ ಎನ್ನುತ್ತಾರೆ. ಶಾರ್ಡಿನ ಒಳಗೆ ಹತ್ತಾರು ಸೆಗ್ಮೆಂಟುಗಳಿವೆ. ಓದುಗರು ಎರಡು ಮಟ್ಟಗಳನ್ನು ಕಲಸಿಕೊಳ್ಳುತ್ತಾರೆ. ಹಾಗಾದರೆ ಸೆಗ್ಮೆಂಟಿಗೇ ಸೊಳೆ ಎನ್ನೋಣವೇ? ಅದೂ ಆಗದು. ಎರಡು ಸೊಳೆ ಸೇರಿ ಒಂದು ಸೊಳೆಯಾಗುವ ಹಲಸು ಎಲ್ಲಿಯೂ ಇಲ್ಲ. ಸೆಗ್ಮೆಂಟಿಗೆ ‘ಕಂತೆ’ ಇರಲಿ. ಕಟ್ಟಿದ ಕಂತೆಯೊಳಗಿನ ಹಾಳೆಗೆ ಅಡ್ಡಗೆರೆ ಎಳೆಯಬಹುದು, ಹಾಳೆ ತೆಗೆಯಬೇಕಾದರೆ ಬಿಚ್ಚಿ ಮತ್ತೆ ಕಟ್ಟಬೇಕು. ನೀವು ಹೇಳಿದ ವಿಲೀನಕ್ಕೂ ಹೊಂದುತ್ತದೆ. ಅಲ್ಲಿ ಒಂದು ಎಚ್ಚರಿಕೆ ಸೇರಿಸಿ: ಹೊಸ ಕಂತೆ ಪೂರ್ತಿಯಾಗುವ ತನಕ ಹಳೆಯವೂ ಡಿಸ್ಕಿನಲ್ಲೇ ಇರುತ್ತವೆ, ಆದ್ದರಿಂದ ವಿಲೀನದ ಹೊತ್ತಿಗೆ ಜಾಗ ಕಡಿಮೆಯಾಗುವುದಲ್ಲ, ಹೆಚ್ಚು ಬೇಕಾಗುತ್ತದೆ. ಸಾಮಾನ್ಯವಾಗಿ ಡಿಸ್ಕ್ 85% ತುಂಬಿದರೆ ಆ ಯಂತ್ರಕ್ಕೆ ಹೊಸ ಜೊತೆ ಪ್ರತಿ ಕೊಡುವುದಿಲ್ಲ, 90% ದಾಟಿದರೆ ಇದ್ದವನ್ನು ಸಾಗಿಸತೊಡಗುತ್ತದೆ, 95% ಆದರೆ ಅಲ್ಲಿ ಪಾಲು ಇರುವ ಇಂಡೆಕ್ಸುಗಳಿಗೆ ಬರಹ ಬಂದ್. ಇದನ್ನು ಬಗ್ ಎಂದು ವರದಿ ಮಾಡುವವರು ಬಹಳ. ಹಾಗೆಯೇ, ಇನ್ನೂ ಬರೆಯುತ್ತಿರುವ ಇಂಡೆಕ್ಸಿಗೆ ಬಲವಂತದ ವಿಲೀನ ಮಾಡಬಾರದು. ತಾನಾಗಿ ನಡೆಯುವ ವಿಲೀನ 5 ಜಿಬಿಗಿಂತ ದೊಡ್ಡ ಕಂತೆ ಕಟ್ಟುವುದಿಲ್ಲ. ಬಲವಂತದಿಂದ ಕಟ್ಟಿದ 40 ಜಿಬಿ ಕಂತೆಯನ್ನು ಅದು ಆಮೇಲೆ ಮುಟ್ಟುವುದೇ ಅಪರೂಪ, ಅಡ್ಡಗೆರೆಯ ಹಾಳೆಗಳು ಒಳಗೇ ಕೊಳೆಯುತ್ತವೆ.

ಕಿರ್ದಿ-ಖತಾವಣಿ ನೋಡಿ ಖುಷಿಯಾಯಿತು, ಆದರೆ ಕ್ರಿಯಾಪದ ತಪ್ಪಿದೆ. ಖತಾವಣಿಗೆ ಏರುವುದು ಫ್ಲಶ್ಶಿನಲ್ಲಲ್ಲ, ರಿಫ್ರೆಶ್ಶಿನಲ್ಲೇ. ಆಗಲೇ ಹೊಸ ಕಂತೆ ಹುಟ್ಟಿ ಹುಡುಕಾಟಕ್ಕೆ ತೆರೆದುಕೊಳ್ಳುವುದು, ಆದರೆ ಅದಿನ್ನೂ ಆಪರೇಟಿಂಗ್ ಸಿಸ್ಟಮ್ಮಿನ ಕ್ಯಾಶೆಯಲ್ಲಿ, ಅಂದರೆ ತಾತ್ಕಾಲಿಕ ನೆನಪಿನಲ್ಲಿ, ಮಾತ್ರ ಇರಬಹುದು. ಫ್ಲಶ್ ಅದನ್ನು ಡಿಸ್ಕಿಗೆ ಗಟ್ಟಿ ಮಾಡಿ, ಇನ್ನು ಬೇಡವಾದ ಕಿರ್ದಿಯ ಪುಟಗಳನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ರಿಫ್ರೆಶ್‌ಗೆ ‘ಖತಾವಣಿಗೆ ಏರಿಸು’, ಫ್ಲಶ್‌ಗೆ ‘ಖತಾವಣಿ ಮುಗಿಸು’.

ಸ್ಪ್ಲಿಟ್ ಬ್ರೇನನ್ನು ‘ಒಡೆದ ಮೆದುಳು’ ಮಾಡಬೇಡಿ, ಆಸ್ಪತ್ರೆ ನೆನಪಾಗುತ್ತದೆ. ‘ಎರಡು ಯಜಮಾನಿಕೆ’ ಎನ್ನಿ. ನೆಟ್‌ವರ್ಕ್ ತುಂಡಾಗಿ ಎರಡೂ ಬದಿಯವರು ತಮ್ಮ ತಮ್ಮ ಯಜಮಾನನನ್ನು ಆರಿಸಿ ಬೇರೆ ಬೇರೆ ಬರೆಯುತ್ತಾ ಹೋಗುವುದು ತಾನೇ ಅದು? ಕೋರಂಗೆ ಕನ್ನಡ ಹುಡುಕುವುದೂ ಬೇಡ, ಪಂಚಾಯತಿನಿಂದ ಸೊಸೈಟಿಯ ತನಕ ಕೋರಂ ಕನ್ನಡವೇ ಆಗಿದೆ. ಒಂದು ವಾಕ್ಯ ಮಾತ್ರ ಸೇರಿಸಬೇಕು. ವಿಧಾನಸಭೆಯ ಕೋರಂ ಸದಸ್ಯರ ಹತ್ತನೇ ಒಂದು. ಇಲ್ಲಿ ಯಜಮಾನನನ್ನು ಆರಿಸುವ ಯಂತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚೇ ಬೇಕು. 3 ಇದ್ದರೆ 2, 5 ಇದ್ದರೆ 3. 4 ಇದ್ದರೂ 3, ಅಂದರೆ ನಾಲ್ಕನೆಯದರಿಂದ ತಾಳಿಕೆ ಹೆಚ್ಚಲಿಲ್ಲ. 2019ರಲ್ಲಿ ಬಂದ ಎಲಾಸ್ಟಿಕ್‌ಸರ್ಚ್ 7.0 ಆವೃತ್ತಿಗೆ ಮುಂಚೆ ಈ ಸಂಖ್ಯೆಯನ್ನು ಕೈಯಲ್ಲೇ ಬರೆಯಬೇಕಿತ್ತು, ಬರೆಯದಿದ್ದರೆ 1 ಎಂದೇ ಇರುತ್ತಿತ್ತು. ಎರಡು ಯಜಮಾನಿಕೆಯ ಹಳೆಯ ಕತೆಗಳಲ್ಲಿ ಬಹಳಷ್ಟು ಅಲ್ಲಿಂದ ಬಂದವು.

ನೀವು ಕೇಳದ ಒಂದು ಪದ: ಸ್ಟೆಮ್, ಅಂದರೆ ಪದದ ಹಲವು ರೂಪಗಳು ಒಟ್ಟಿಗೆ ಸಿಗುವಂತೆ ಕೋಡ್ ಉಳಿಸಿಕೊಳ್ಳುವ ಭಾಗ. ಕರಡಿನಲ್ಲಿ ‘ಧಾತು’ ಎಂದು ಕಂಡಿತು. ವ್ಯಾಕರಣದಲ್ಲಿ ಧಾತು ಕ್ರಿಯೆಗೆ ಮಾತ್ರ, ನಾಮಪದಕ್ಕೆ ಪ್ರಕೃತಿ. ಕೋಡ್ ಕೊಡುವುದು ಎರಡೂ ಅಲ್ಲ, ಬಾಲ ಕತ್ತರಿಸಿದ ಮೊಂಡು ರೂಪ, ಅದು ಪದವಾಗಿರಬೇಕೆಂದೇನೂ ಇಲ್ಲ. ‘ಮೊಟಕು’ ಅನ್ನಿ. ಹಾಗೆಂದರೆ ಅದರ ಮಿತಿಯೂ ನೆನಪಿರುತ್ತದೆ. ‘ಉಡುಪಿಗೆ’ ಎಂಬುದನ್ನೇ ತೆಗೆದುಕೊಳ್ಳಿ. ಉಡುಪಿ ಊರಿಗೂ ಚತುರ್ಥಿಯಲ್ಲಿ ಉಡುಪಿಗೆ, ತೊಡುವ ಉಡುಪಿಗೂ ಚತುರ್ಥಿಯಲ್ಲಿ ಉಡುಪಿಗೆ. ‘ಇಗೆ’ ಕತ್ತರಿಸುವ ನಿಯಮ ಬರೆದರೆ ಊರಿಗೆ ಬಸ್ ಹುಡುಕಿದವರಿಗೆ ಸೀರೆ ಸಿಗುತ್ತದೆ.

ಅದರ ಜೊತೆಗೆ ನಾರ್ಮಲೈಸೇಶನ್. ‘ಸಾಮಾನ್ಯೀಕರಣ’ ತಪ್ಪು, ‘ಏಕರೂಪಕ್ಕೆ ತರುವುದು’ ಸರಿ. ಉದಾಹರಣೆಗೆ ‘ಸಾಫ್ಟ್‌ವೇರ್’ ಮತ್ತು ‘ಸಾಫ್ಟ್ವೇರ್’ ಕೊಡಿ. ಮೊದಲನೆಯದರಲ್ಲಿ ಒತ್ತಕ್ಷರ ಕಟ್ಟದಂತೆ ತಡೆಯುವ, ಕಣ್ಣಿಗೆ ಕಾಣದ ಯೂನಿಕೋಡ್ ಸಂಕೇತ 200ಸಿ ಕೂತಿದೆ. ಇಂಡೆಕ್ಸಿಗೆ ಇವು ಬೇರೆ ಬೇರೆ ಪದ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದು. ಎನ್‌ಎಫ್‌ಸಿ ಎಂಬ ಯೂನಿಕೋಡ್ ನಿಯಮ ಹಾಕಿದರೆ ‘ಕೊ’ ಎಂಬುದರ ಒಡೆದ ಸ್ವರಚಿಹ್ನೆಗಳು ಒಂದಾಗುತ್ತವೆ, ಆದರೆ 200ಸಿ ಹಾಗೆಯೇ ಉಳಿಯುತ್ತದೆ. ಐಸಿಯು ಎಂಬ ಯೂನಿಕೋಡ್ ಪ್ಲಗಿನ್ನಿನ ನಾರ್ಮಲೈಸರ್ ಅದನ್ನು ತೆಗೆಯುತ್ತದೆ. ಬರೆಯುವಾಗಲೂ ಹುಡುಕುವಾಗಲೂ ಎರಡೂ ಕಡೆ ಹಾಕಬೇಕು. ಹಾಕಿದ ಮೇಲೆ ಹಳೆಯ ದಾಖಲೆಗಳನ್ನು ಮರುಬರೆಯಬೇಕು, ಕಟ್ಟಿದ ಕಂತೆ ತಾನಾಗಿ ತಿದ್ದಿಕೊಳ್ಳುವುದಿಲ್ಲ. ತೋರಿಸುವ ಪಠ್ಯ ಬೇರೆಯೇ ಉಳಿದಿರುವುದರಿಂದ ಪರದೆಯ ಮೇಲೆ ಅಕ್ಷರ ಕೆಡುವ ಭಯ ಇಲ್ಲ.

ಮಂಗಳೂರಿನಿಂದ

ಪಾಲು, ಕಂತೆ, ಮೊಟಕು ಮೂರಕ್ಕೂ ಒಪ್ಪಿಗೆ. ಏರಿಸುವುದು, ಮುಗಿಸುವುದು ನೀವು ಹೇಳಿದ ಹಾಗೆಯೇ ತಿದ್ದಿದ್ದೇವೆ.

ಇದರಿಂದ ಇನ್ನೊಂದು ಪದವೂ ಬಿಡಿಸಿಕೊಂಡಿತು: ಒಮ್ಮೆ ಪಾಸಾಗಿ ಒಮ್ಮೆ ಬೀಳುವ ಫ್ಲೇಕಿ ಟೆಸ್ಟು. ‘ತಿಕ್ಕಲು ಟೆಸ್ಟು’ ಎಂದು ಹಾಕಿದ್ದೇವೆ. ದಾಖಲೆ ಬರೆದು ಮರುಕ್ಷಣವೇ ಹುಡುಕುವ ಟೆಸ್ಟು ತಿಕ್ಕಲಾಗಲು ಕಾರಣ ಖತಾವಣಿಗೆ ಏರಿಲ್ಲದಿರುವುದು. 1 ಸೆಕೆಂಡ್ ನಿದ್ದೆ ಹಾಕಿಸಿದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಪಾಸಾಗುತ್ತದೆ, ತಿಣುಕುವ ಬಿಲ್ಡ್ ಯಂತ್ರದಲ್ಲಿ ಬೀಳುತ್ತದೆ. ಬರೆಯುವ ಕೋರಿಕೆಯಲ್ಲೇ ‘ಏರುವ ತನಕ ಕಾಯಿ’ ಎಂಬ ಆಯ್ಕೆ ಕೊಡಬೇಕು. ಬಿದ್ದ ಟೆಸ್ಟಿನ ಲಾಗಿನಲ್ಲಿ, ಅದರ ಯಾದೃಚ್ಛಿಕ ಆಯ್ಕೆಗಳು ಹುಟ್ಟಿದ ಸೀಡ್ ಸಂಖ್ಯೆ ಅಚ್ಚಾಗಿರುತ್ತದೆ, ಅದಕ್ಕೆ ‘ಬೀಜ’ ಎಂದೇ ಇಟ್ಟಿದ್ದೇವೆ. ಅದೇ ಬೀಜ ಕೊಟ್ಟು ಓಡಿಸಿದರೆ ಅದೇ ಯಾದೃಚ್ಛಿಕ ಆಯ್ಕೆಗಳು ಮರಳುತ್ತವೆ. ಥ್ರೆಡ್ಡುಗಳು, ಅಂದರೆ ಒಟ್ಟಿಗೆ ನಡೆಯುವ ಕೆಲಸದ ಎಳೆಗಳು, ಓಡಿದ ಕ್ರಮ ಮಾತ್ರ ಮರಳುವುದಿಲ್ಲ, ಆದ್ದರಿಂದ 100 ಸಲ ಓಡಿಸಿ ನೋಡಬೇಕು.

ಹೊಸ ಆವೃತ್ತಿಯ ತಿದ್ದುಪಡಿಯನ್ನು ಹಳೆಯದಕ್ಕೂ ಸೇರಿಸುವ ಬ್ಯಾಕ್‌ಪೋರ್ಟಿಗೆ ‘ಇಳಿಸು’ ಎಂದರೆ ಡೌನ್‌ಲೋಡ್ ಎಂದು ತಿಳಿಯುತ್ತಾರೆ, ಅದಕ್ಕೆ ‘ಹಳೆ ಆವೃತ್ತಿಗೂ ಹಚ್ಚು’. ಕ್ಲಸ್ಟರಿನ ಬಣ್ಣಗಳ ವಿವರಣೆ ಈಗ ಹೀಗೆ ನಿಂತಿದೆ, ಕಣ್ಣು ಹಾಯಿಸಿ. ಹಸಿರು: ಎಲ್ಲ ಪಾಲುಗಳಿಗೂ ಮುಖ್ಯ ಪ್ರತಿ, ಜೊತೆ ಪ್ರತಿ ಎರಡೂ ಉಂಟು. ಹಳದಿ: ಮುಖ್ಯ ಪ್ರತಿ ಎಲ್ಲವೂ ಉಂಟು, ಯಾವುದೋ ಜೊತೆ ಪ್ರತಿ ಇಲ್ಲ, ಯಂತ್ರವೊಂದು ಈಗಷ್ಟೇ ಹೋಗಿದ್ದರೆ 1 ನಿಮಿಷ ಏನೂ ಮಾಡಬೇಡಿ, ಕ್ಲಸ್ಟರೂ ಅಷ್ಟೇ ಹೊತ್ತು ಕಾಯುತ್ತದೆ. ಕೆಂಪು: ಒಂದಾದರೂ ಪಾಲಿಗೆ ಮುಖ್ಯ ಪ್ರತಿ ಇಲ್ಲ, ಹಳಸಿದ ಪ್ರತಿಯನ್ನು ಮೇಲೆ ಕೂರಿಸುವ ಮೊದಲು ಬಿದ್ದ ಯಂತ್ರವನ್ನು ಎಬ್ಬಿಸಲು ನೋಡಿ.