ಒಂದೇ ಕಣದಲ್ಲಿ ನಾಲ್ಕೈದು ಮೊಟ್ಟೆ: ರಾಣಿ ಇಲ್ಲದ ತುಡುವೆ ಜೇನಿನ ಪೆಟ್ಟಿಗೆಯಲ್ಲಿ ಮೊಟ್ಟೆ ಇಡುತ್ತಿರುವುದು ಯಾರು?

ಪ್ರಶ್ನೆ: ತೋಟದಮನೆ

ಸುಳ್ಯದ ಸಮೀಪದ ನಮ್ಮ ಅಡಿಕೆ ತೋಟದಲ್ಲಿ ಎರಡು ವರ್ಷಗಳಿಂದ ಮೂರು ಪೆಟ್ಟಿಗೆಗಳಲ್ಲಿ ತುಡುವೆ ಜೇನನ್ನು ಸಾಕುತ್ತಿದ್ದೇನೆ. ಡಿಸೆಂಬರ್ ಎರಡನೆಯ ವಾರದಲ್ಲಿ ಅವುಗಳಲ್ಲಿ ಒಂದು ಕುಟುಂಬ ಪಾಲಾಯಿತು, ಅಂದರೆ ಹಳೆಯ ರಾಣಿ ಒಂದು ಹಿಂಡಿನೊಡನೆ ಪೆಟ್ಟಿಗೆ ಬಿಟ್ಟು ಹೊರಟಿತು. ಹೊರಟ ಹಿಂಡು ಹಲಸಿನ ಮರದ ಎತ್ತರದ ಕೊಂಬೆಯಲ್ಲಿ ಸ್ವಲ್ಪ ಹೊತ್ತು ಕುಳಿತಿದ್ದು, ನಾನು ಏಣಿ ತರುವಷ್ಟರಲ್ಲಿ ಗುಡ್ಡದ ಕಡೆಗೆ ಹಾರಿಹೋಯಿತು. ಪೆಟ್ಟಿಗೆಯಲ್ಲಿ ಉಳಿದ ನೊಣಗಳು ಸಾಕಷ್ಟಿದ್ದವು ಮತ್ತು ಎರಿಯ (ಮೇಣದ ಹಲ್ಲೆಯ) ಕೆಳ ಅಂಚಿನಲ್ಲಿ ಹೊಸ ರಾಣಿ ಬೆಳೆಯುವ ನಾಲ್ಕು ರಾಣಿ ಕಣಗಳೂ ಇದ್ದುದರಿಂದ ನಾನು ನಿಶ್ಚಿಂತನಾಗಿದ್ದೆ. ಹೊಸ ರಾಣಿಗೆ ತೊಂದರೆಯಾಗಬಾರದೆಂದು ಕೆಲವು ದಿನ ಮುಚ್ಚಳ ತೆರೆಯಲಿಲ್ಲ. ಆಮೇಲೆ ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಏಳು ವಾರ ಕಳೆದುಹೋದವು.

ಕಳೆದ ಭಾನುವಾರ ತೆರೆದು ನೋಡಿದಾಗ ನೊಣಗಳು ಅರ್ಧಕ್ಕಿಂತ ಕಡಿಮೆಯಾಗಿದ್ದವು. ಒಂದೊಂದು ಕಣದಲ್ಲಿ ಮೂರು, ನಾಲ್ಕು, ಕೆಲವೆಡೆ ಆರು ಮೊಟ್ಟೆಗಳಿದ್ದು, ಅವುಗಳಲ್ಲಿ ಹೆಚ್ಚಿನವು ಕಣದ ತಳದಲ್ಲಿರದೆ ಗೋಡೆಗೆ ಅಂಟಿಕೊಂಡಿವೆ. ಮುಚ್ಚಿದ ಕಣಗಳು ಅಲ್ಲೊಂದು ಇಲ್ಲೊಂದು ಚದುರಿವೆ, ಮುಚ್ಚಳಗಳು ಗುಂಡಗೆ ಉಬ್ಬಿವೆ. ಗಂಡುನೊಣಗಳು ವಿಪರೀತವಾಗಿವೆ, ಆದರೆ ಗಾತ್ರದಲ್ಲಿ ಸಣ್ಣವು. ಎರಡು ಬಾರಿ ಹುಡುಕಿದರೂ ರಾಣಿ ಸಿಗಲಿಲ್ಲ.

ನೆರೆಯವರೊಬ್ಬರು ಇದು ಜೇನುಮರಿಗಳನ್ನು ಕೊಲ್ಲುವ ಥಾಯ್ ರೋಗವೆಂದರು. ಇನ್ನೊಬ್ಬರು ಪೆಟ್ಟಿಗೆಯಲ್ಲಿ ಎರಡು ರಾಣಿಗಳಿರಬೇಕೆಂದರು. ಕೆಲಸಗಾರ ನೊಣಗಳೇ ಮೊಟ್ಟೆ ಇಡುತ್ತವೆ ಎಂದು ಹಿಂದೊಮ್ಮೆ ಯಾರೋ ಹೇಳಿದ್ದನ್ನು ಕೇಳಿದ್ದೇನೆ. ಅದು ನಿಜವಾದರೆ ಅವು ಬೇರೆ ಕಾಲದಲ್ಲಿ ಏಕೆ ಇಡುವುದಿಲ್ಲ? ಮೊಟ್ಟೆಗಳಿದ್ದೂ ಅವುಗಳಿಂದ ರಾಣಿಯೊಂದನ್ನು ಏಕೆ ಬೆಳೆಸಿಕೊಳ್ಳುತ್ತಿಲ್ಲ? ರಬ್ಬರ್ ಚಿಗುರಿ ಉಳಿದೆರಡು ಪೆಟ್ಟಿಗೆಗಳು ತುಂಬುತ್ತಿರುವ ಈ ಹೊತ್ತಿನಲ್ಲಿ ಇದನ್ನು ಉಳಿಸಿಕೊಳ್ಳಲು ಸಾಧ್ಯವೇ?

ಉತ್ತರ: ಕೀಟಲೋಕ

ನೀವು ನೋಡಿದ್ದನ್ನು ಇಷ್ಟು ನಿಖರವಾಗಿ ಬರೆದಿರುವುದರಿಂದ ಅನುಮಾನಕ್ಕೆ ಎಡೆಯೇ ಇಲ್ಲ. ಮೊಟ್ಟೆ ಇಡುತ್ತಿರುವುದು ಕೆಲಸಗಾರ ನೊಣಗಳೇ. ರಾಣಿಯ ಹೊಟ್ಟೆ ಉದ್ದವಾಗಿರುವುದರಿಂದ ಅದು ಕಣದ ತಳದ ನಡುವಿಗೆ ಒಂದೇ ಮೊಟ್ಟೆಯನ್ನು ನಿಲ್ಲಿಸುತ್ತದೆ. ಕೆಲಸಗಾರ ನೊಣದ ಹೊಟ್ಟೆಗೆ ಆ ಉದ್ದವಿಲ್ಲದ ಕಾರಣ ಮೊಟ್ಟೆ ಗೋಡೆಗೆ ಅಂಟುತ್ತದೆ. ಹಲವು ನೊಣಗಳು ಒಂದರ ನಂತರ ಒಂದು ಬಂದು ಅದೇ ಕಣದಲ್ಲಿ ಇಡುವುದರಿಂದ ಸಂಖ್ಯೆ ಐದಾರಕ್ಕೆ ಏರುತ್ತದೆ. ಆಗತಾನೇ ಮೊಟ್ಟೆ ಇಡಲಾರಂಭಿಸಿದ ಎಳೆಯ ರಾಣಿಯೂ ಕೆಲವೊಮ್ಮೆ ಎರಡು ಮೊಟ್ಟೆ ಇಟ್ಟುಬಿಡುವುದುಂಟು, ಆದರೆ ಅವು ತಳದಲ್ಲಿರುತ್ತವೆ, ಮತ್ತು ಕೆಲವು ದಿನಗಳಲ್ಲಿ ಆ ತಪ್ಪು ನಿಂತುಹೋಗುತ್ತದೆ.

ಗಂಡುಗಳೇ ಏಕೆ ಹುಟ್ಟುತ್ತವೆ ಎಂಬುದಕ್ಕೆ ಜೇನುನೊಣಗಳ ಲಿಂಗನಿರ್ಧಾರದ ಕ್ರಮವನ್ನು ತಿಳಿಯಬೇಕು. ರಾಣಿಯು ಬದುಕಿನ ಆರಂಭದಲ್ಲಿ, ಕೆಲವೇ ದಿನಗಳೊಳಗಿನ ಹಾರಾಟಗಳಲ್ಲಿ, ಹತ್ತಕ್ಕೂ ಹೆಚ್ಚು ಗಂಡುಗಳೊಡನೆ ಕೂಡಿ, ಪಡೆದ ವೀರ್ಯವನ್ನು ತನ್ನೊಳಗಿನ ಚೀಲದಲ್ಲಿ ವರ್ಷಗಟ್ಟಲೆ ಜೀವಂತವಾಗಿ ಕಾಪಿಡುತ್ತದೆ. ಅದು ಇಡುವ ಮೊಟ್ಟೆಗೆ ವೀರ್ಯ ಸೇರಿದರೆ 32 ವರ್ಣತಂತುಗಳ ಹೆಣ್ಣು, ಸೇರದಿದ್ದರೆ 16 ವರ್ಣತಂತುಗಳ ಗಂಡು. ಅಂದರೆ ಗಂಡುನೊಣಕ್ಕೆ ತಾಯಿ ಇದೆ, ತಂದೆ ಇಲ್ಲ. ತಾಯಿಯ ತಂದೆ, ಅಂದರೆ ಅಜ್ಜ, ಮಾತ್ರ ಇದ್ದಾನೆ. 1845ರಲ್ಲಿ ಸೈಲೀಸಿಯಾದ ಪಾದ್ರಿಯೂ ಜೇನುಕೃಷಿಕನೂ ಆಗಿದ್ದ ಯಾನ್ ಜೆರ್ಜೋನ್ ಇದನ್ನು ಮೊದಲು ಸಾರಿದಾಗ ಹಲವರು ಅದನ್ನು ಒಪ್ಪಿರಲಿಲ್ಲ. ಕೆಲಸಗಾರ ನೊಣವೂ ಹೆಣ್ಣೇ, ಆದರೆ ಅದು ಗಂಡಿನೊಡನೆ ಕೂಡಲಾರದು. ಆದ್ದರಿಂದ ಅದರ ಮೊಟ್ಟೆಗೆ ವೀರ್ಯ ಸೇರುವ ಸಾಧ್ಯತೆಯೇ ಇಲ್ಲ, ಹುಟ್ಟುವುದೆಲ್ಲ ಗಂಡು. ಹೆಣ್ಣಿಗೆಂದು ಕಟ್ಟಿದ ಸಣ್ಣ ಕಣದಲ್ಲಿ ಬೆಳೆದ ಗಂಡುಮರಿ ಅದರಲ್ಲಿ ಹಿಡಿಸಲಾರದೆ ಮುಚ್ಚಳವನ್ನು ಉಬ್ಬಿಸುತ್ತದೆ ಮತ್ತು ಹೊರಬಂದಾಗ ಗಾತ್ರದಲ್ಲಿ ಕುಳ್ಳಾಗಿರುತ್ತದೆ. ನೀವು ಕಂಡ ಸಣ್ಣ ಗಂಡುಗಳ ಗುಟ್ಟು ಇಷ್ಟೇ. (ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶದ ಜೇನಿನಲ್ಲಿ ಮಾತ್ರ ಕೆಲಸಗಾರ ನೊಣಗಳ ಮೊಟ್ಟೆಯಿಂದ ಹೆಣ್ಣು ಹುಟ್ಟುತ್ತದೆ. ನಮ್ಮ ತುಡುವೆಯಲ್ಲಿ ಆ ಭಾಗ್ಯವಿಲ್ಲ.)

ರಾಣಿಯನ್ನು ಏಕೆ ಬೆಳೆಸಿಕೊಳ್ಳುತ್ತಿಲ್ಲ ಎಂಬ ನಿಮ್ಮ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ. ರಾಣಿಯಾಗಲಿ ಕೆಲಸಗಾರ ನೊಣವಾಗಲಿ ಹುಟ್ಟುವುದು ಒಂದೇ ಬಗೆಯ, ವೀರ್ಯ ಸೇರಿದ ಮೊಟ್ಟೆಯಿಂದ. ಮೊದಲ ಎರಡು ಮೂರು ದಿನ ಎರಡಕ್ಕೂ ಸಿಗುವ ಆಹಾರದಲ್ಲಿ ದೊಡ್ಡ ವ್ಯತ್ಯಾಸವಿರುವುದಿಲ್ಲ. ಆಮೇಲೂ ಕೆಲಸಗಾರ ನೊಣಗಳು ಸ್ರವಿಸುವ ರಾಜಶಾಹಿ ರಸವನ್ನೇ ಧಾರಾಳವಾಗಿ ಉಂಡದ್ದು ರಾಣಿಯಾಗುತ್ತದೆ, ಪರಾಗ ಬೆರೆತ ಸಾಧಾರಣ ಊಟಕ್ಕೆ ಇಳಿದದ್ದು ಕೆಲಸಗಾರ ನೊಣವಾಗುತ್ತದೆ. ಹೀಗಾಗಿ ಎಳೆಯ ಹೆಣ್ಣುಮರಿ ಇದ್ದರೆ ಮಾತ್ರ ರಾಣಿ ಸಾಧ್ಯ. ನಿಮ್ಮ ಪೆಟ್ಟಿಗೆಯ ನೊಣಗಳು ಗಂಡುಮರಿಯ ಸುತ್ತ ರಾಣಿ ಕಣದಂಥದ್ದನ್ನೇ ಕಟ್ಟಿದರೂ ಆಶ್ಚರ್ಯವಿಲ್ಲ, ಆದರೆ ಅದರೊಳಗಿಂದ ರಾಣಿ ಬರುವುದಿಲ್ಲ. ಆ ಕಣವನ್ನು ನೋಡಿ ಇನ್ನೆರಡು ವಾರ ಕಾಯುವವರಿದ್ದಾರೆ; ನೀವು ಕಾಯಬೇಡಿ.

ಉತ್ತರ: ಹಳೆಪೆಟ್ಟಿಗೆ

ಮೇಲಿನವರು ಹೇಳಿದ್ದೆಲ್ಲ ಸರಿಯಾಗಿದೆ. ತಪ್ಪಿದ್ದು ಎಲ್ಲಿ ಎಂಬುದನ್ನು ಮಾತ್ರ ನಾನು ದಿನಗಳ ಲೆಕ್ಕದಲ್ಲಿ ಹೇಳುತ್ತೇನೆ. ಸಾಮಾನ್ಯವಾಗಿ ರಾಣಿ ಕಣಕ್ಕೆ ಮುಚ್ಚಳ ಬೀಳುವ ಹೊತ್ತಿಗೆ ಹಳೆಯ ರಾಣಿ ಹಿಂಡಿನೊಡನೆ ಹೊರಡುತ್ತದೆ. ಹೊಸ ರಾಣಿ ಹೊರಬರಲು ಅಲ್ಲಿಂದ ಒಂದು ವಾರ, ಅದು ಗಂಡನ್ನು ಕೂಡಲು ಹಾರುವುದಕ್ಕೆ ಮತ್ತೊಂದು ವಾರ ಬೇಕು. ಹಳೆಯ ರಾಣಿ ಹೊರಡುವ ದಿನ ಇಟ್ಟ ಕೊನೆಯ ಮೊಟ್ಟೆಯೂ ಅಷ್ಟರಲ್ಲಿ ಹದಿನಾಲ್ಕು ದಿನ ದಾಟಿ, ಮುಚ್ಚಿದ ಕಣದೊಳಗೆ ಕೋಶಾವಸ್ಥೆಯಲ್ಲಿರುತ್ತದೆ. ಆ ಹಾರಾಟದಿಂದ ರಾಣಿ ಮರಳದಿದ್ದರೆ ಪೆಟ್ಟಿಗೆಯಲ್ಲಿ ರಾಣಿಯಾಗಬಲ್ಲ ಒಂದೇ ಒಂದು ಎಳೆಮರಿಯೂ ಉಳಿದಿರುವುದಿಲ್ಲ. ಬೇರೆ ಸಮಯದಲ್ಲಿ ರಾಣಿ ಸತ್ತರೆ ಕುಟುಂಬ ತಾನೇ ಸುಧಾರಿಸಿಕೊಳ್ಳುತ್ತದೆ. ಪಾಲಾದ ಮೇಲೆ ಹೊಸ ರಾಣಿ ಕಳೆದುಹೋದರೆ ಸುಧಾರಿಸಿಕೊಳ್ಳಲಾರದು. ಆದ್ದರಿಂದ ಪಾಲಾದ ಪೆಟ್ಟಿಗೆಯನ್ನು ಮೂರು ವಾರಕ್ಕೊಮ್ಮೆಯಾದರೂ ತೆರೆದು ಮೊಟ್ಟೆ ಇದೆಯೇ ಎಂದು ನೋಡಲೇಬೇಕು. ತೊಂದರೆ ಕೊಡಬಾರದೆಂಬ ನಿಮ್ಮ ಕಾಳಜಿ ಮೊದಲ ಎರಡು ವಾರಕ್ಕೆ ಸರಿಯಾದದ್ದೇ ಆಗಿತ್ತು.

ಥಾಯ್ ರೋಗದ ಭಯವನ್ನು ಬಿಡಿ. 1990ರ ದಶಕದ ಆರಂಭದಲ್ಲಿ ಆ ರೋಗ ನಮ್ಮ ಕಡೆಯ ಪೆಟ್ಟಿಗೆಗಳನ್ನು ಖಾಲಿ ಮಾಡಿದ್ದನ್ನು ಕಣ್ಣಾರೆ ಕಂಡವನು ನಾನು. ಅದರಲ್ಲಿ ಮರಿಯು ನೀರು ತುಂಬಿದ ಚೀಲದಂತಾಗಿ, ತಲೆಯ ತುದಿಯನ್ನು ಮೇಲಕ್ಕೆತ್ತಿಕೊಂಡು ಕಣದಲ್ಲಿ ಸತ್ತು ಮಲಗಿರುತ್ತದೆ, ಇಕ್ಕಳದಿಂದ ಎತ್ತಿದರೆ ಚೀಲವಾಗಿಯೇ ಮೇಲೆ ಬರುತ್ತದೆ. ನಿಮ್ಮಲ್ಲಿ ಮರಿಗಳು ಸತ್ತಿಲ್ಲ. ಹುಟ್ಟಬಾರದ ಮರಿಗಳು ಹುಟ್ಟುತ್ತಿವೆ. ಮುಚ್ಚಳದ ತುದಿಯಲ್ಲಿ ಸೂಜಿ ಚುಚ್ಚಿದಂಥ ರಂಧ್ರ ಕಂಡರೂ ಗಾಬರಿಯಾಗಬೇಡಿ, ತುಡುವೆಯ ಗಂಡುಮರಿಯ ಕಣಕ್ಕೆ ಅದು ಸಹಜವಾದದ್ದು.

ಉತ್ತರ: ಮಲೆಯಂಚು

ರಾಣಿ ಏಕೆ ಮರಳಲಿಲ್ಲ ಎಂಬುದಕ್ಕೆ ನನ್ನ ಅನುಮಾನ ಕಳ್ಳಿಪೀರ ಹಕ್ಕಿಯ ಮೇಲಿದೆ. ಆ ತಿಂಗಳುಗಳಲ್ಲಿ ನಮ್ಮ ತೋಟದ ವಿದ್ಯುತ್ ತಂತಿಯ ಮೇಲೆ ಅವು ಸಾಲಾಗಿ ಕುಳಿತು ಹಾರುವ ನೊಣಗಳನ್ನು ಹಿಡಿಯುತ್ತಿರುತ್ತವೆ, ಕಾಜಾಣವೂ ಕಡಿಮೆಯದಲ್ಲ. ತುಡುವೆಯ ಗಂಡುಗಳೂ ರಾಣಿಯೂ ಕೂಡುವುದಕ್ಕೆ ಹಾರುವುದು ಸಂಜೆ ನಾಲ್ಕು ಗಂಟೆಯ ಆಸುಪಾಸಿನಲ್ಲಿ. ಕೋಲುಜೇನಿನ ಗಂಡುಗಳು ಮಧ್ಯಾಹ್ನವೇ ಹಾರಿ ಮುಗಿಸುತ್ತವೆ, ಹೆಜ್ಜೇನಿನವು ಮುಸ್ಸಂಜೆಗೆ ಹೊರಡುತ್ತವೆ. ಮೂರೂ ಜಾತಿಯ ರಾಣಿಯರು ಗಂಡನ್ನು ಕರೆಯುವ ವಾಸನೆಯಲ್ಲಿ ಮುಖ್ಯ ದ್ರವ್ಯ ಒಂದೇ ಆಗಿರುವುದರಿಂದ, ಹೊತ್ತು ಬೇರೆಯಾಗಿರುವುದೇ ಗೊಂದಲವನ್ನು ತಪ್ಪಿಸುತ್ತದೆ ಎಂದು ಶ್ರೀಲಂಕಾದಲ್ಲಿ 1970ರ ದಶಕದಲ್ಲಿ ನಡೆದ ಅಧ್ಯಯನ ತೋರಿಸಿದೆ.

ಪರಿಹಾರವಾಗಿ ಒಂದು ಸಲಹೆ: ಎಲ್ಲ ಎರಿಗಳನ್ನು ಪೆಟ್ಟಿಗೆಯಿಂದ ಐವತ್ತು ಅಡಿ ದೂರ ಒಯ್ದು ನೊಣಗಳನ್ನು ಕೊಡವಿಬಿಡಿ. ಮೊಟ್ಟೆ ಇಡುವ ನೊಣಗಳು ಭಾರದಿಂದ ಹಾರಲಾರದೆ ಅಲ್ಲೇ ಉಳಿಯುತ್ತವೆ, ಒಳ್ಳೆಯವು ಮನೆಗೆ ಮರಳುತ್ತವೆ ಎನ್ನುತ್ತಾರೆ.

ಉತ್ತರ: ಹಳೆಪೆಟ್ಟಿಗೆ

ಕೊಡವುವ ಈ ಉಪಾಯವನ್ನು ನಾನು ಎರಡು ಬಾರಿ ಮಾಡಿ ಎರಡೂ ಬಾರಿ ಸೋತಿದ್ದೇನೆ. ಮೊಟ್ಟೆ ಇಡುವ ಕೆಲಸಗಾರ ನೊಣವು ರಾಣಿಯಂತೆ ಭಾರವಾಗಿರುವುದಿಲ್ಲ. ನೋಟಕ್ಕೂ ಹಾರಾಟಕ್ಕೂ ಅದು ಉಳಿದವುಗಳಂತೆಯೇ ಇದ್ದು, ಎಲ್ಲರೊಂದಿಗೆ ಮನೆಗೆ ಮರಳುತ್ತದೆ. ಒಂದೆರಡು ನೊಣಗಳ ಪ್ರಶ್ನೆಯೂ ಇದಲ್ಲ, ಈ ಹಂತದಲ್ಲಿ ಅಂಥವು ನೂರಾರು ಇರುತ್ತವೆ.

ಪ್ರಶ್ನಿಸಿದವರ ಮರುಮಾತು: ತೋಟದಮನೆ

ಎಲ್ಲರಿಗೂ ಕೃತಜ್ಞತೆಗಳು. ಹಾಗಿದ್ದರೆ ನನ್ನ ಮೊದಲ ಸಂಶಯವೇ ಈಗ ದೊಡ್ಡದಾಗಿದೆ. ಮೊಟ್ಟೆ ಇಡುವ ಶಕ್ತಿ ನೂರಾರು ನೊಣಗಳಿಗೆ ಇರುವಾಗ, ರಾಣಿ ಇದ್ದ ದಿನಗಳಲ್ಲಿ ಅವುಗಳನ್ನು ತಡೆದು ಹಿಡಿದದ್ದು ಯಾವುದು? ಒಂದು ರಾಣಿ ಹತ್ತಾರು ಸಾವಿರ ನೊಣಗಳನ್ನು ಆಳಬಲ್ಲದೇ?

ಉತ್ತರ: ಕೀಟಲೋಕ

ಆಳುವುದು ಎಂಬ ಮಾತನ್ನೇ ಬಿಟ್ಟರೆ ವಿಷಯ ಸುಲಭವಾಗುತ್ತದೆ. ರಾಣಿ ಯಾವ ಆಜ್ಞೆಯನ್ನೂ ಕೊಡುವುದಿಲ್ಲ. ಅದರ ದವಡೆಯ ಗ್ರಂಥಿಗಳಿಂದ ಹೊರಡುವ ವಾಸನೆಯ ದ್ರವ್ಯವನ್ನು ಸುತ್ತ ನೆರೆದ ಪರಿಚಾರಕ ನೊಣಗಳು ನೆಕ್ಕಿ, ಮೀಸೆಯಿಂದ ಮುಟ್ಟಿ, ಮುಂದೆ ಬೇರೆ ನೊಣಗಳಿಗೆ ಮುಟ್ಟಿಸುತ್ತವೆ. ರಾಣಿ ಇದೆ, ಆರೋಗ್ಯವಾಗಿದೆ ಎಂಬ ಸುದ್ದಿ ಹೀಗೆ ಬಾಯಿಂದ ಬಾಯಿಗೆ ಇಡೀ ಪೆಟ್ಟಿಗೆಗೆ ಹರಡುತ್ತದೆ, ರಾಣಿಯನ್ನು ತೆಗೆದರೆ ಕೆಲವೇ ಗಂಟೆಗಳಲ್ಲಿ ನೊಣಗಳ ಸದ್ದು ಬದಲಾಗುವುದು ಇದೇ ಕಾರಣದಿಂದ. ಈ ವಾಸನೆಯೂ ತೆರೆದ ಕಣಗಳ ಮರಿಗಳು ಹೊರಸೂಸುವ ವಾಸನೆಯೂ ಸೇರಿ ಕೆಲಸಗಾರ ನೊಣಗಳ ಅಂಡಾಶಯ ಬಲಿಯದಂತೆ ಇರಿಸುತ್ತವೆ. ನಿಮ್ಮ ಪೆಟ್ಟಿಗೆಯಲ್ಲಿ ಮೊದಲು ರಾಣಿ ಹೋಯಿತು, ಬಳಿಕ ಮರಿಗಳೆಲ್ಲ ಬಲಿತು ಹೊರಬಂದವು. ಎರಡು ಬೀಗಗಳೂ ತೆರೆದುಕೊಂಡವು.

ಆದರೆ ವಾಸನೆಯೊಂದೇ ಸಾಲದು. ಯುರೋಪಿನ ಜೇನಿನಲ್ಲಿ ರಾಣಿ ಇರುವಾಗ ಬಲಿತ ಮೊಟ್ಟೆ ಹೊತ್ತ ಕೆಲಸಗಾರ ನೊಣ ಹತ್ತು ಸಾವಿರಕ್ಕೊಂದು ಸಿಕ್ಕರೆ, ತುಡುವೆಯಲ್ಲಿ ರಾಣಿ ಇದ್ದಾಗಲೂ ನೂರಕ್ಕೆ ಒಂದರಿಂದ ಐದು ನೊಣಗಳ ಅಂಡಾಶಯ ಚುರುಕಾಗಿರುತ್ತದೆ. ಹಾಗಿದ್ದೂ ನಿಮ್ಮ ಒಳ್ಳೆಯ ಪೆಟ್ಟಿಗೆಗಳಲ್ಲಿ ಅವುಗಳ ಮಕ್ಕಳು ಕಾಣುವುದಿಲ್ಲ. ಏಕೆಂದರೆ ಉಳಿದ ಕೆಲಸಗಾರ ನೊಣಗಳೇ ಆ ಮೊಟ್ಟೆಗಳನ್ನು ಗುರುತಿಸಿ ತಿಂದುಹಾಕುತ್ತವೆ. ರಾಣಿಯ ಮೊಟ್ಟೆಯನ್ನು ಮಾತ್ರ ಮುಟ್ಟುವುದಿಲ್ಲ. 1989ರಲ್ಲಿ ಫ್ರಾನ್ಸಿಸ್ ರಾಟ್ನಿಯೆಕ್ಸ್ ಮತ್ತು ಕಿರ್ಕ್ ವಿಶರ್ ಯುರೋಪಿನ ಜೇನಿನಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಮುಂದೆ ತುಡುವೆಯಲ್ಲೂ ಅದು ಕಂಡುಬಂದಿತು.

ಇದರ ಹಿಂದಿನ ಲೆಕ್ಕ ಬಂಧುತ್ವದ್ದು. ಕೆಲಸಗಾರ ನೊಣಕ್ಕೂ ಅದರ ಸ್ವಂತ ಮಗನಿಗೂ ಅರ್ಧ ಪಾಲಿನ ಸಂಬಂಧ, ರಾಣಿಯ ಮಗನೊಡನೆ, ಅಂದರೆ ತಮ್ಮನೊಡನೆ, ಕಾಲು ಪಾಲಿನದು. ರಾಣಿ ಹಲವು ಗಂಡುಗಳನ್ನು ಕೂಡಿರುವುದರಿಂದ ಪೆಟ್ಟಿಗೆಯ ನೊಣಗಳಲ್ಲಿ ಹೆಚ್ಚಿನವು ಒಂದೇ ತಾಯಿಯ, ಬೇರೆ ಬೇರೆ ತಂದೆಯರ ಮಕ್ಕಳು. ಅಂಥ ಅಕ್ಕನ ಮಗನೊಡನೆ ಇರುವ ಸಂಬಂಧ ಎಂಟರಲ್ಲೊಂದು ಪಾಲು ಮಾತ್ರ. ತನಗೆ ಮಗ ಬೇಕೆಂದು ಪ್ರತಿಯೊಂದಕ್ಕೂ ಇರಬಹುದು, ಆದರೆ ಅಕ್ಕನ ಮಗನಿಗಿಂತ ತಮ್ಮನೇ ಲೇಸು ಎಂಬುದು ಉಳಿದೆಲ್ಲವುಗಳ ಲೆಕ್ಕ. ಹೀಗೆ ಪ್ರತಿಯೊಂದನ್ನೂ ಉಳಿದವು ತಡೆಯುತ್ತವೆ. ರಾಣಿ ಹೋಗಿ ಹೊಸದು ಬರುವ ಆಸೆಯೂ ಅಳಿದಾಗ ಈ ಕಾವಲು ಸಡಿಲವಾಗುತ್ತದೆ, ಏಕೆಂದರೆ ಕಾಪಾಡಬೇಕಾದ ತಮ್ಮಂದಿರೇ ಇನ್ನು ಹುಟ್ಟುವುದಿಲ್ಲ. ಆ ಸಣ್ಣ ಗಂಡುಗಳು ಕೆಲಸಕ್ಕೆ ಬಾರದವಲ್ಲ. ಅವುಗಳ ವೀರ್ಯ ಸರಿಯಾಗಿಯೇ ಇರುತ್ತದೆ, ನೆರೆಯ ಕುಟುಂಬದ ಎಳೆಯ ರಾಣಿಯನ್ನು ಅವು ಕೂಡಬಲ್ಲವು. ಕೃಷಿಕನ ಕಣ್ಣಿಗೆ ಹಾಳಾದ ಪೆಟ್ಟಿಗೆಯಂತೆ ಕಂಡರೂ ಅಳಿಯುತ್ತಿರುವ ಆ ಕುಟುಂಬಕ್ಕೆ ಉಳಿದಿರುವ ಒಂದೇ ದಾರಿ ಅದು.

ಉತ್ತರ: ಹಳೆಪೆಟ್ಟಿಗೆ

ಈಗ ಮಾಡಬೇಕಾದದ್ದನ್ನು ಹೇಳುತ್ತೇನೆ. ಒಳ್ಳೆಯ ಪೆಟ್ಟಿಗೆಯಿಂದ ಮೊಟ್ಟೆ ಮತ್ತು ಎಳೆಮರಿಗಳಿರುವ ಎರಿಯೊಂದನ್ನು ವಾರಕ್ಕೊಮ್ಮೆಯಂತೆ ಎರಡು ಮೂರು ಬಾರಿ ಕೊಟ್ಟರೆ, ಮರಿಗಳ ವಾಸನೆಗೆ ಅಂಡಾಶಯಗಳು ಕುಗ್ಗಿ, ಕೊನೆಗೆ ಅವು ರಾಣಿ ಕಣ ಕಟ್ಟುವುದುಂಟು. ಆದರೆ ನಿಮ್ಮಲ್ಲಿ ನೊಣಗಳು ಅರ್ಧವೂ ಉಳಿದಿಲ್ಲ, ಉಳಿದವು ಮುದಿಯಾಗಿವೆ. ಹೊಸ ರಾಣಿಯ ಮಕ್ಕಳು ಹೊರಬರುವಷ್ಟರಲ್ಲಿ ಇನ್ನೂ ಆರು ವಾರ ಕಳೆದು ರಬ್ಬರಿನ ಮಕರಂದವೂ ಮುಗಿದಿರುತ್ತದೆ, ಒಳ್ಳೆಯ ಪೆಟ್ಟಿಗೆಯೂ ಮೂರು ಎರಿ ಮರಿಗಳನ್ನು ಕಳೆದುಕೊಂಡಿರುತ್ತದೆ. ಹೊರಗಿನಿಂದ ರಾಣಿಯನ್ನು ತಂದು ಬಿಡಬೇಡಿ, ಇಂಥ ಪೆಟ್ಟಿಗೆಯ ನೊಣಗಳು ಅದನ್ನು ಮುತ್ತಿ ಕೊಂದುಹಾಕುತ್ತವೆ.

ಆದ್ದರಿಂದ ಎರಡರಲ್ಲಿ ಹೆಚ್ಚು ಬಲವಾಗಿರುವ ಪೆಟ್ಟಿಗೆಗೆ ಇದನ್ನು ಸೇರಿಸುವುದೇ ಮೇಲು; ಬಲಹೀನವಾದದ್ದಕ್ಕೆ ಸೇರಿಸಿದರೆ ಆ ರಾಣಿಗೂ ಅಪಾಯವಿದೆ. ಗಂಡುಮರಿಗಳಿರುವ ಎರಿಗಳನ್ನು ಮೊದಲು ಕತ್ತರಿಸಿ ತೆಗೆಯಿರಿ, ಇಲ್ಲವಾದರೆ ಮೇಣದ ಪತಂಗಕ್ಕೆ ಅದೇ ಮನೆಯಾಗುತ್ತದೆ. ಸಂಜೆ ಹಾರಾಟ ನಿಂತ ಮೇಲೆ ಬಲವಾದ ಪೆಟ್ಟಿಗೆಯ ಸಂಸಾರ ಕೋಣೆಯ (ರಾಣಿಯೂ ಮರಿಗಳೂ ಇರುವ ಕೋಣೆಯ) ಮೇಲೆ ವೃತ್ತಪತ್ರಿಕೆಯ ಒಂದು ಹಾಳೆಯನ್ನು ಹಾಸಿ, ಮೊಳೆಯಿಂದ ನಾಲ್ಕಾರು ಸಣ್ಣ ತೂತು ಮಾಡಿ, ಅದರ ಮೇಲೆ ಈ ಪೆಟ್ಟಿಗೆಯ ಕೋಣೆಯನ್ನಿಡಿ. ನೊಣಗಳು ಕಾಗದವನ್ನು ಕಡಿದು ದಾರಿ ಮಾಡಿಕೊಳ್ಳುವಷ್ಟರಲ್ಲಿ ಎರಡರ ವಾಸನೆಯೂ ಬೆರೆತಿರುತ್ತದೆ. ಒಳಗೆ ಬಂದವು ಆಮೇಲೂ ಮೊಟ್ಟೆ ಇಟ್ಟರೆ, ಮೇಲಿನವರು ಹೇಳಿದ ಆ ಕಾವಲಿನ ನೊಣಗಳು ಅವನ್ನು ತಿಂದು ತೆಗೆಯುತ್ತವೆ. ಮೂರು ದಿನ ಮುಟ್ಟಬೇಡಿ, ನಾಲ್ಕನೆಯ ದಿನ ಕಾಗದದ ಚೂರುಗಳು ಬಾಗಿಲ ಮುಂದೆ ಬಿದ್ದಿವೆಯೇ ಎಂದು ನೋಡಿ. ಬರುವ ಹಂಗಾಮಿನಲ್ಲಿ ಆ ಕುಟುಂಬ ರಾಣಿ ಕಣ ಕಟ್ಟಿದಾಗ ನೀವೇ ಅದನ್ನು ಪಾಲು ಮಾಡಿ ಖಾಲಿ ಪೆಟ್ಟಿಗೆಯನ್ನು ತುಂಬಿಸಿಕೊಳ್ಳಬಹುದು.