ಸಹಾಯ ಬೇಕು: ಓದಲು ತಡವರಿಸುವ ಮಕ್ಕಳಿಗೆ ಇಂಟರ್‌ನೆಟ್ ಬಳಕೆ

ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಏಳನೇ ತರಗತಿಯ ಆರು ಮಕ್ಕಳು ಇನ್ನೂ ಅಕ್ಷರ ಕೂಡಿಸಿ ಓದುತ್ತಾರೆ. ರೀಲ್ಸ್ ನೋಡೋದರಲ್ಲಿ ಮಾತ್ರ ನನಗಿಂತ ಚುರುಕು!

ನಿನ್ನೆ ಒಬ್ಬ ಹುಡುಗ 'ದ್ಯುತಿಸಂಶ್ಲೇಷಣೆ' ಟೈಪ್ ಮಾಡಲಾಗದೆ ಸುಮ್ನೆ ಕೂತ. ಮೈಕ್ ಒತ್ತಿ, "ಎಲೆ ಹೇಗೆ ಆಹಾರ ತಯಾರಿಸುತ್ತೆ" ಅಂತ ಕೇಳು ಅಂದೆ. ಉತ್ತರ ಬಂತು. ಆದರೆ ಮೊದಲು ಕಂಡದ್ದನ್ನೇ, ಅರ್ಥವಾಗದಿದ್ದರೂ, ನೋಟ್‌ಬುಕ್‌ಗೆ ಇಳಿಸಿಬಿಟ್ಟ. ಹುಡುಕೋದು ಕಲಿಸಬಹುದು, ಬಂದದ್ದರಲ್ಲಿ ಆರಿಸೋದನ್ನು ಹೇಗೆ ಕಲಿಸಲಿ?

ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ದೀಕ್ಷಾ ಆ್ಯಪ್‌ನಲ್ಲಿ ಪಾಠ ತೋರಿಸುತ್ತಿದ್ದೇನೆ. ಐದು ನಿಮಿಷದೊಳಗಿನ ಕನ್ನಡ ವಿಡಿಯೋಗಳು, ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಬಳಸಿ ನೋಡಿದವರಿದ್ದರೆ ತಿಳಿಸಿ. ಇರುವುದು ನನ್ನದೊಂದೇ ಫೋನು, ದಿನಕ್ಕೆ ಒಂದೂವರೆ ಜಿಬಿ.